ಇಬ್ಬರಿಗೆ ಒಂದು ಸ್ಪೋರ್ಟಿ ಬೈಕ್: ಹಿಂದಿನ ಸೀಟಿನಿಂದ ಲೆಕ್ಕ ಶುರು ಮಾಡಿ

"ನೋಡೋಕೆ ಸ್ಪೋರ್ಟಿಯಾಗಿರಬೇಕು, ಹೆಂಡತಿಯನ್ನು ಕೂರಿಸಿಕೊಂಡು ಚಿಕ್ಕಮಗಳೂರು, ಮಡಿಕೇರಿ ಅಂತ ಸುತ್ತೋಕೂ ಆಗಬೇಕು. ಯಾವ ಬೈಕ್ ತಗೊಳ್ಳಲಿ?" ಈ ಪ್ರಶ್ನೆ ಕೇಳುವವರ ಕೈಯಲ್ಲಿ ಆಗಲೇ ನಾಲ್ಕೈದು ಹೆಸರಿರುತ್ತವೆ. ಸಿಸಿ ಗೊತ್ತು, ಬೆಲೆ ಗೊತ್ತು, ಟಾಪ್ ಸ್ಪೀಡ್ ಅಂತೂ ಬಾಯಿಪಾಠ. ಹಿಂದೆ ಕೂರುವವರ ಎತ್ತರ ಎಷ್ಟು, ಮಂಡಿ ನೋವಿದೆಯಾ, ಒಂದೇ ಸಮನೆ ಎಷ್ಟು ಹೊತ್ತು ಕೂರಬಲ್ಲರು ಅಂತ ಕೇಳಿದರೆ ಮಾತ್ರ ಸುಮ್ಮನಾಗುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ದೂರ ಹೋಗುವ ಬೈಕಿನಲ್ಲಿ ಸ್ಪೋರ್ಟಿತನ ಎಂಜಿನ್ನಿನಲ್ಲಿರಲಿ, ಬ್ರೇಕಿನಲ್ಲಿರಲಿ, ತಿರುವಿನಲ್ಲಿ ಬಾಗುವ ರೀತಿಯಲ್ಲಿರಲಿ. ಸೀಟಿನಲ್ಲಿ ಮಾತ್ರ ಬೇಡ. ಕೆಳಗಿನ ಲೆಕ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಮೊದಲು ಏನು ನೋಡಬೇಕು

ಹಿಂದಿನ ಸೀಟಿನಲ್ಲಿ ಮೂರು ಸಂಗತಿ ನೋಡಿ: ಅಗಲ ಎಷ್ಟಿದೆ, ಮುಂದಿನ ಸೀಟಿಗಿಂತ ಎಷ್ಟು ಎತ್ತರದಲ್ಲಿದೆ, ಕಾಲಿಡುವ ಪೆಗ್ ಎಷ್ಟು ಕೆಳಗಿದೆ. ಕೂತಾಗ ಮಂಡಿ ಸೊಂಟಕ್ಕಿಂತ ಮೇಲೆ ಬಂತು ಅಂದರೆ ನೆಲಮಂಗಲ ದಾಟಿ ಕುಣಿಗಲ್ ಮುಟ್ಟುವಷ್ಟರಲ್ಲೇ ತೊಡೆ ಬಿಗಿಯೋಕೆ ಶುರುವಾಗುತ್ತದೆ. ಸೀಟು ತೀರಾ ಎತ್ತರವಿದ್ದರೆ ಇನ್ನೊಂದು ತೊಂದರೆ. ನೀವು ಬ್ರೇಕ್ ಹಿಡಿದಾಗೆಲ್ಲ ಹಿಂದಿನವರು ಜಾರಿ ನಿಮ್ಮ ಬೆನ್ನಿಗೆ ಬರುತ್ತಾರೆ. ಹೆಲ್ಮೆಟ್ಟಿಗೆ ಹೆಲ್ಮೆಟ್ ಟಕ್ ಅನ್ನುತ್ತದೆ. ಹ್ಯಾಂಡಲ್ ಕೆಳಗಿರುವ ಬೈಕಾದರೆ ಆಗ ಇಬ್ಬರ ಭಾರವೂ ನಿಮ್ಮ ಮಣಿಕಟ್ಟಿನ ಮೇಲೆ ಬೀಳುತ್ತದೆ. "ಸ್ಪೋರ್ಟ್ಸ್ ಬೈಕಲ್ಲಿ ಕೈ ನೋಯುತ್ತೆ" ಅನ್ನುವವರಲ್ಲಿ ಸುಮಾರು ಜನರ ನೋವು ಹಿಂದಿನ ಸೀಟಿನಿಂದ ಬಂದದ್ದು.

ಹಿಡಿದುಕೊಳ್ಳೋಕೆ ಗಟ್ಟಿಯಾದ ಗ್ರ್ಯಾಬ್ ರೇಲ್ ಬೇಕು. ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರವೂ ಹಿಡಿಕೆ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧವಾದರೂ ಮುಚ್ಚುವ ಸೀರೆ ಗಾರ್ಡ್ ಇರಲೇಬೇಕು. ಲುಕ್ ಹಾಳಾಗುತ್ತೆ ಅಂತ ಸೀರೆ ಗಾರ್ಡನ್ನು ಡೆಲಿವರಿ ದಿನವೇ ಬಿಚ್ಚಿಸುವವರಿದ್ದಾರೆ. ದುಪಟ್ಟಾವೋ ರೇನ್‌ಕೋಟಿನ ತುದಿಯೋ ಚಕ್ರಕ್ಕೆ ಸಿಕ್ಕಿಕೊಳ್ಳೋಕೆ ಎಷ್ಟು ಹೊತ್ತು ಬೇಕು? ಬಿಚ್ಚಿಸಬೇಡಿ.

ಆಮೇಲೆ ಸಸ್ಪೆನ್ಶನ್. ಹಿಂದಿನವರ ಭಾರ ಹೆಚ್ಚುಕಡಿಮೆ ಹಿಂದಿನ ಚಕ್ರದ ಮೇಲೇ ಬೀಳುತ್ತದೆ. ಬೈಕಿನ ಹಿಂಭಾಗ ಕುಸಿಯುತ್ತದೆ, ಮುಂಭಾಗ ಹಗುರಾಗುತ್ತದೆ, ಘಾಟಿಯ ತಿರುವಿನಲ್ಲಿ ಬೈಕು ನೀವು ಅಂದುಕೊಂಡದ್ದಕ್ಕಿಂತ ಹೊರಗೆ ಹೋಗುತ್ತದೆ. ರಾತ್ರಿಯಾದರೆ ಹೆಡ್‌ಲೈಟ್ ಮೇಲಕ್ಕೆ ಹೊಡೆದು ಎದುರಿನವರ ಕಣ್ಣು ಕುಕ್ಕುತ್ತದೆ. ಎದುರಿನವರು ಒಬ್ಬರಾದ ಮೇಲೊಬ್ಬರು ಡಿಪ್ಪರ್ ಹೊಡೀತಿದ್ದಾರೆ ಅಂದರೆ ಕಾರಣ ಇದೇ ಇರಬಹುದು. ಪ್ರೀಲೋಡ್ (ಹಿಂದಿನ ಸ್ಪ್ರಿಂಗನ್ನು ಮೊದಲೇ ಎಷ್ಟು ಬಿಗಿ ಮಾಡಿದೆ ಅನ್ನುವುದು) ಹೆಚ್ಚಿಸಿದರೆ ಇದು ಬಹುಪಾಲು ಸರಿಹೋಗುತ್ತದೆ. ಅದನ್ನು ಕೈಯಿಂದ ತಿರುಗಿಸುವ ನಾಬ್ ಇದೆಯಾ, ಸಿ-ಸ್ಪ್ಯಾನರ್ ಹಾಕಿ ಬೆವರಿಳಿಸಬೇಕಾ ಅಂತ ನೋಡಿಕೊಳ್ಳಿ. ಟೈರಿನ ಗಾಳಿಯೂ ಅಷ್ಟೇ. ಒಬ್ಬರಿಗೆ ಎಷ್ಟು, ಇಬ್ಬರಿಗೆ ಎಷ್ಟು ಅಂತ ಚೈನ್ ಪಕ್ಕದ ಸ್ಟಿಕ್ಕರ್‌ನಲ್ಲೋ ಮ್ಯಾನುವಲ್‌ನಲ್ಲೋ ಬೇರೆ ಬೇರೆ ಬರೆದಿರುತ್ತದೆ. ಗರಿಷ್ಠ ಎಷ್ಟು ಕೆಜಿ ಹೊರಬಹುದು ಅನ್ನುವುದೂ ಮ್ಯಾನುವಲ್‌ನಲ್ಲೇ ಇರುತ್ತದೆ. ಇಬ್ಬರೂ ದಷ್ಟಪುಷ್ಟ, ಮೇಲೆ ಎರಡು ಬ್ಯಾಗು ಅಂದರೆ ಕೆಲವು ಸಣ್ಣ ಬೈಕುಗಳು ಆ ಮಿತಿಗೆ ತುಂಬ ಹತ್ತಿರ ಬಂದುಬಿಡುತ್ತವೆ.

ಪವರ್ ಎಷ್ಟು ಬೇಕು? ನಮ್ಮ ದೇಶದಲ್ಲಿ ನಾಲ್ಕು ಲೇನಿನ ಹೆದ್ದಾರಿಯಲ್ಲೂ ಬೈಕಿಗೆ ಕೇಂದ್ರ ನಿಗದಿ ಮಾಡಿರುವ ಗರಿಷ್ಠ ವೇಗ ಗಂಟೆಗೆ 80 ಕಿಮೀ. ಹಾಗಾಗಿ ಟಾಪ್ ಸ್ಪೀಡ್ ಕಾಲಂ ಹೊಡೆದು ಹಾಕಿ. ನಿಮಗೆ ಬೇಕಾದ್ದು ಬೇರೆ. ಶಿರಾಡಿ ಘಾಟಿಯಲ್ಲಿ ಲಾರಿ ಹಿಂದೆ 40ರಲ್ಲಿ ಹೋಗುತ್ತಿರುವಾಗ ಸಣ್ಣ ಜಾಗ ಸಿಕ್ಕರೆ, ಇಬ್ಬರನ್ನೂ ಲಗೇಜನ್ನೂ ಹೊತ್ತು ತಕ್ಷಣ 70ಕ್ಕೆ ಹೋಗುವ ತಾಕತ್ತು. ಅಂದರೆ ಟಾರ್ಕ್ (ಎಂಜಿನ್ ಚಕ್ರ ತಿರುಗಿಸುವ ಬಲ), ಅದೂ ಎಂಜಿನ್ ನಿಧಾನ ತಿರುಗುವಾಗ, ಅಂದರೆ ಕಡಿಮೆ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್.

ಟ್ಯಾಂಕ್ ದೊಡ್ಡದಿರಬೇಕು ಅಂತ ತುಂಬ ಜನ ಹೇಳುತ್ತಾರೆ. ಇಬ್ಬರ ಪ್ರಯಾಣದಲ್ಲಿ ನಾನು ಅದಕ್ಕೆ ಅಷ್ಟು ಬೆಲೆ ಕೊಡಲ್ಲ. ಪೆಟ್ರೋಲ್ ಮುಗಿಯುವ ಎಷ್ಟೋ ಮೊದಲೇ ಹಿಂದಿನವರು ಭುಜ ತಟ್ಟಿ ಕಾಫಿಗೆ ನಿಲ್ಲಿಸಿ ಅಂದಿರುತ್ತಾರೆ.

350 ಸಿಸಿ ಅನ್ನುವ ಗೆರೆ

ದುಡ್ಡಿನ ವಿಚಾರದಲ್ಲಿ ಈಗ ಒಂದು ದಪ್ಪ ಗೆರೆ ಬಿದ್ದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದಕ್ಕಿಂತ ಮೇಲಿದ್ದರೆ ಶೇ 40. ವಿಮೆಯೂ ಅದೇ ಗೆರೆಯಲ್ಲಿ ಜಿಗಿಯುತ್ತದೆ. 2022ರಲ್ಲಿ ನಿಗದಿಯಾದ ದರದಂತೆ ಹೊಸ ಬೈಕಿನ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ದಾಟಿದರೆ 15,117. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ. ಒಂದು ಲಕ್ಷ ದಾಟಿದ ಬೈಕಿಗೆ ಶೇ 18, ಜೊತೆಗೆ ಸೆಸ್. ಶೋರೂಮ್ ಬೆಲೆ ಮೂರೂವರೆ ಲಕ್ಷ ಅಂತ ಇರುವ ಬೈಕು ಬೆಂಗಳೂರಿನಲ್ಲಿ ರಸ್ತೆಗಿಳಿಯುವಾಗ 4.3 ಲಕ್ಷ ದಾಟಿರುತ್ತದೆ. ಕೆಳಗೆ ನಾನು ಹೇಳುವುದೆಲ್ಲ ಅಂದಾಜು ಶೋರೂಮ್ ಬೆಲೆ. ಹೆಲ್ಮೆಟ್, ಜಾಕೆಟ್, ಬ್ಯಾಗು ಬೇರೆ, ಅದೂ ಎರಡೆರಡು ಸೆಟ್.

ಮೊದಲೇ ಪಟ್ಟಿಯಿಂದ ತೆಗೆದವು

ಯಮಹಾ ಆರ್15 ಮತ್ತು ಏಪ್ರಿಲಿಯಾ ಆರ್‌ಎಸ್ 457. ಎರಡೂ ಓಡಿಸುವವರಿಗೆ ಒಳ್ಳೆಯ ಬೈಕುಗಳೇ. ಏಪ್ರಿಲಿಯಾದ ಅವಳಿ ಸಿಲಿಂಡರ್ ಎಂಜಿನ್ನು 47 ಪಿಎಸ್‌ಗೂ ಹೆಚ್ಚು ಪವರ್ ಕೊಡುತ್ತದೆ (ಪಿಎಸ್ ಅಂದರೆ ಅಶ್ವಶಕ್ತಿ, ಎಂಜಿನ್ನಿನ ಪವರ್ ಅಳೆಯುವ ಮಾನ), ಬೈಕಿನ ತೂಕ 175 ಕೆಜಿ ಅಷ್ಟೇ. ಆದರೆ ಹಿಂದೆ ಕೂರುವುದು ಮರದ ಕೊಂಬೆಯ ಮೇಲೆ ಕೂತ ಹಾಗೆ. ಮೆಟ್ರೋ ಸ್ಟೇಷನ್‌ವರೆಗೆ ಬಿಡೋಕೆ ಸರಿ.

ಎರಡು ಲಕ್ಷದ ಸುತ್ತ: ಸುಜುಕಿ ಜಿಕ್ಸರ್ ಎಸ್‌ಎಫ್ 250

ಪೂರ್ತಿ ಫೇರಿಂಗ್ (ಗಾಳಿ ಸೀಳುವ ಹೊರ ಹೊದಿಕೆ) ಇರುವ ಬೈಕುಗಳಲ್ಲಿ ಹಿಂದಿನವರ ಬಗ್ಗೆ ಸ್ವಲ್ಪ ಯೋಚನೆ ಮಾಡಿ ಮಾಡಿದ್ದು ಅಂದರೆ ಇದು. 249 ಸಿಸಿ, 26.5 ಪಿಎಸ್, 22.2 ಎನ್‌ಎಂ ಟಾರ್ಕ್, 161 ಕೆಜಿ. ಹ್ಯಾಂಡಲ್ ಕ್ಲಿಪ್-ಆನ್ (ಮುಂದಿನ ಫೋರ್ಕಿಗೆ ಎಡಕ್ಕೊಂದು ಬಲಕ್ಕೊಂದು ಬಿಗಿದದ್ದು) ಆದರೂ ಎತ್ತರಕ್ಕಿದೆ, ಬೆನ್ನು ಬಾಗಬೇಕಾದ್ದು ಕಡಿಮೆ. ಹಿಂದಿನ ಸೀಟು ಬೇರೆಯಾಗಿದ್ದರೂ ಮುಂದಿನದಕ್ಕಿಂತ ತೀರಾ ಮೇಲಿಲ್ಲ. ಎಂಜಿನ್ ನಯ, ನಡುಕ ಕಡಿಮೆ. ಪೆಟ್ರೋಲ್ ಖರ್ಚೂ ಹಗುರ. 350ರ ಗೆರೆಯ ಈಚೆಗೇ ಇದೆ.

ಕೊರತೆ ಎಲ್ಲಿ ಕಾಣುತ್ತದೆ? ಏರಿನಲ್ಲಿ. ಇಬ್ಬರು ಸೇರಿ 140 ಕೆಜಿ, ಲಗೇಜು 15 ಕೆಜಿ ಅಂದುಕೊಳ್ಳಿ. ಹೆಚ್ಚುಕಡಿಮೆ ಬೈಕಿನಷ್ಟೇ ತೂಕವನ್ನು ಅದರ ಮೇಲೆ ಹೇರಿದ್ದೀರಿ. ಚಾರ್ಮಾಡಿಯ ತಿರುವು ಮುಗಿಸಿ ಎಳೆಯಬೇಕು ಅಂದರೆ ಎರಡು ಗೇರ್ ಇಳಿಸಿ ಎಂಜಿನ್ನನ್ನು ಕೂಗಿಸಬೇಕು. ಕೂಗಿಸಿದರೆ ಹೋಗುತ್ತದೆ, ಬೇಡ ಅನ್ನಲ್ಲ. ಇನ್ನೊಂದು ಸಣ್ಣ ವಿಷಯ: ಸೈಲೆನ್ಸರ್ ಇರುವ ಕಡೆಯ ಸ್ಯಾಡಲ್ ಬ್ಯಾಗನ್ನು ಸರಿಯಾಗಿ ಬಿಗಿಯದಿದ್ದರೆ ಬ್ಯಾಗಿನ ತಳ ಕರಗುತ್ತದೆ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಸಕಲೇಶಪುರದವರೆಗೆ, 220 ಕಿಮೀ ಆಸುಪಾಸಿನ ದೂರಕ್ಕೆ, ಇಬ್ಬರೂ ಹಗುರಾಗಿರುವ ಜೋಡಿಗೆ ಇದು ಸಾಕು. ವರ್ಷಕ್ಕೊಮ್ಮೆ ಗೋಕರ್ಣ, ಗೋವಾ ಅಂತಲೂ ಹೋಗಬಹುದು, ಅವಸರ ಮಾಡದಿದ್ದರೆ.

ಬೆಲೆಯಲ್ಲಿ ಮೇಲಿದ್ದರೂ ಇದರ ಪಕ್ಕದಲ್ಲೇ ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಆರ್ 310 ನಿಲ್ಲುತ್ತದೆ. 312 ಸಿಸಿ, 38 ಪಿಎಸ್. ಇದೂ ಗೆರೆಯ ಈಚೆಗೇ. ತಿರುವಿನಲ್ಲಿ ಜಿಕ್ಸರ್‌ಗಿಂತ ಎಷ್ಟೋ ಮಜಾ. ಆದರೆ ಹಿಂದಿನ ಸೀಟು ಕಿರಿದು, ಎತ್ತರ. ಕೂತವರ ತಲೆ ನಿಮ್ಮ ತಲೆಗಿಂತ ಮೇಲಿರುತ್ತದೆ, ಗಾಳಿಯೆಲ್ಲ ಅವರ ಮುಖಕ್ಕೆ. ತಿಂಗಳಿಗೆ ಮೂರು ಸಲ ಒಬ್ಬರೇ ಹೋಗಿ, ಒಂದು ಸಲ ಜೊತೆಯಲ್ಲಿ ಹೋಗುವವರು ಯೋಚಿಸಬಹುದು. ಜೊತೆಯಲ್ಲೇ ಜಾಸ್ತಿ ಹೋಗುವವರಿಗೆ ನಾನು ಹೇಳಲ್ಲ.

ಎರಡೂವರೆ ಲಕ್ಷದ ಸುತ್ತ: ಬಜಾಜ್ ಡಾಮಿನಾರ್ 400 ಮತ್ತು ಟ್ರಯಂಫ್ ಸ್ಪೀಡ್ 400

ಹೆಚ್ಚಿನವರ ಉತ್ತರ ಇಲ್ಲೇ ಸಿಗುತ್ತದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಎರಡೂ 350ರ ಗೆರೆ ದಾಟಿದವು. ಎರಡರದ್ದೂ 40 ಪಿಎಸ್, ಎರಡರ ಟ್ಯಾಂಕೂ 13 ಲೀಟರ್. ಕಾಗದದ ಮೇಲೆ ಅಣ್ಣತಮ್ಮಂದಿರು, ರಸ್ತೆಯ ಮೇಲೆ ಗುಣ ಬೇರೆ ಬೇರೆ.

ಡಾಮಿನಾರ್ 193 ಕೆಜಿ. ಟ್ರಾಫಿಕ್ಕಿನಲ್ಲಿ, ಪಾರ್ಕಿಂಗಿನಲ್ಲಿ ಆ ತೂಕ ಕೈಗೆ ಗೊತ್ತಾಗುತ್ತದೆ. ಹೆದ್ದಾರಿಗೆ ಬಿದ್ದ ಮೇಲೆ ಅದೇ ತೂಕ ಒಳ್ಳೆಯದು ಮಾಡುತ್ತದೆ: ಪಕ್ಕದಲ್ಲಿ ಬಸ್ ಹೋದರೂ ಬೈಕು ಅಲುಗಾಡಲ್ಲ. ಹಿಂದಿನ ಸೀಟು ಅಗಲ. 2021ರಿಂದ ಎತ್ತರದ ವೈಸರ್, ಹ್ಯಾಂಡ್ ಗಾರ್ಡ್, ಲಗೇಜ್ ಕ್ಯಾರಿಯರ್, ಹಿಂದಿನವರಿಗೆ ಬೆನ್ನೊರಗು ಎಲ್ಲ ಕಂಪನಿಯಿಂದಲೇ ಬರುತ್ತಿವೆ. ಆ ಬೆನ್ನೊರಗು ಚಿಕ್ಕದು, ನೋಡೋಕೆ ಏನೂ ಅನ್ನಿಸಲ್ಲ. ಆದರೆ ನೀವು ಥ್ರಾಟಲ್ ತಿರುಗಿಸಿದಾಗೆಲ್ಲ ಹಿಂದಿನವರು ಹೊಟ್ಟೆ ಬಿಗಿಹಿಡಿದು ನಿಮ್ಮನ್ನು ಅವುಚಿಕೊಳ್ಳಬೇಕಿಲ್ಲ. ದಿನದ ಕೊನೆಗೆ ಅವರಿಗಾಗುವ ಸುಸ್ತಿನಲ್ಲಿ ವ್ಯತ್ಯಾಸ ಕಾಣುತ್ತದೆ. ಇನ್ನು ಇದರ ಕೆಟ್ಟ ಗುಣ: ಒಂಟಿ ಸಿಲಿಂಡರಿನ ನಡುಕ ಪೆಗ್‌ಗೆ ಬರುತ್ತದೆ, ತೆಳು ಅಟ್ಟೆಯ ಚಪ್ಪಲಿ ಹಾಕಿದವರ ಪಾದ ಜೋಮು ಹಿಡಿಯುತ್ತದೆ. ಶೂ ಹಾಕಿಸಿ. ಅದರಲ್ಲೂ ದಪ್ಪ ಅಟ್ಟೆಯದ್ದು.

ಸ್ಪೀಡ್ 400 ಸುಮಾರು 180 ಕೆಜಿ, 37.5 ಎನ್‌ಎಂ. ಎಳೆಯುವ ರೀತಿ ಚುರುಕು, ತಿರುವಿನಲ್ಲಿ ತಾನಾಗಿ ಬಾಗುತ್ತದೆ. ಓಡಿಸುವವರ ದೃಷ್ಟಿಯಿಂದ ಈ ಬೆಲೆಯಲ್ಲಿ ಇದೇ ಹೆಚ್ಚು ಖುಷಿ ಕೊಡುತ್ತದೆ. ಮೊದಲ ಸರ್ವಿಸ್ ಆದ ಮೇಲೆ ಸರ್ವಿಸ್‌ಗೆ 16,000 ಕಿಮೀ ಅಂತರ (ಅಷ್ಟು ಓಡದಿದ್ದರೂ ವರ್ಷಕ್ಕೊಮ್ಮೆ ಮಾಡಿಸಬೇಕು), ಸುತ್ತುವವರಿಗೆ ಇದು ದೊಡ್ಡ ನೆಮ್ಮದಿ. ಸೀಟು ಒಂದೇ ತುಂಡು, ಹಿಂದಿನವರು ನಿಮ್ಮ ಬೆನ್ನ ಹಿಂದೆ ಗಾಳಿ ತಾಕದೆ ಕೂರುತ್ತಾರೆ. ಗಾಳಿ ಪೂರ್ತಿ ನಿಮ್ಮ ಎದೆಗೆ. ಸೀಟಿನ ಉದ್ದ ಡಾಮಿನಾರ್‌ನಷ್ಟಿಲ್ಲ. ಓಡಿಸುವವರು ಆರಡಿ ಇದ್ದು ಹಿಂದಕ್ಕೆ ಸರಿದು ಕೂತರೆ ಹಿಂದಿನವರಿಗೆ ಉಳಿಯುವುದು ಅಂಚು ಮಾತ್ರ. ವಿಂಡ್‌ಸ್ಕ್ರೀನ್, ಲಗೇಜ್ ರ್‍ಯಾಕ್ ಬೇರೆ ಹಾಕಿಸಬೇಕು, ಆ ಖರ್ಚನ್ನೂ ಸೇರಿಸಿ ಹೋಲಿಸಿ.

ಬೆಂಗಳೂರಿನಿಂದ ಮೈಸೂರು ಕಡೆ ಹೋಗುವವರು ಇನ್ನೊಂದು ಗಮನಿಸಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕು ಹೋಗುವ ಹಾಗಿಲ್ಲ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಊರು, ಹಂಪು, ಅಡ್ಡ ಬರುವ ದನ, ಎಲ್ಲ ಉಂಟು. ಮಡಿಕೇರಿ, ವಯನಾಡು, ಊಟಿ ಕಡೆ ಜಾಸ್ತಿ ಹೋಗುವವರಾದರೆ ಮೊದಲ ನೂರು ಚಿಲ್ಲರೆ ಕಿಲೋಮೀಟರ್ ಹೀಗೇ ನಿಲ್ಲಿಸಿ ಹೊರಡುವ ಸವಾರಿ. ಅಲ್ಲಿ ಹಗುರಾದ ಸ್ಪೀಡ್ 400 ಗೆಲ್ಲುತ್ತದೆ. ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ ಅಂತ ನೇರ ರಸ್ತೆಯಲ್ಲಿ ಉದ್ದಕ್ಕೆ ಹೋಗುವವರಿಗೆ ಡಾಮಿನಾರ್.

ಎರಡರಲ್ಲಿ ನನ್ನ ಆಯ್ಕೆ? ಹಿಂದಿನ ಸೀಟನ್ನೇ ಮುಂದಿಟ್ಟು ಹೇಳಬೇಕಾದರೆ ಡಾಮಿನಾರ್. ಮನಸ್ಸು ಕೇಳುವುದು ಟ್ರಯಂಫನ್ನು. ನಿಮ್ಮ ಜೊತೆ ಬರುವವರು ಗಿಡ್ಡ, ನೀವೂ ಐದೂವರೆ ಅಡಿ ಒಳಗೆ ಅಂದರೆ ಮನಸ್ಸಿನ ಮಾತು ಕೇಳಬಹುದು.

ಮೂರೂವರೆ ಲಕ್ಷದ ಸುತ್ತ: ರಾಯಲ್ ಎನ್‌ಫೀಲ್ಡ್ 650

"ಇದು ಸ್ಪೋರ್ಟಿನಾ?" ಅಂತ ಹುಬ್ಬೇರಿಸಬೇಡಿ. ಇಂಟರ್‌ಸೆಪ್ಟರ್ ಮತ್ತು ಕಾಂಟಿನೆಂಟಲ್ ಜಿಟಿಯ 648 ಸಿಸಿ ಅವಳಿ ಸಿಲಿಂಡರ್ ಎಂಜಿನ್ನು 47 ಪಿಎಸ್, 52 ಎನ್‌ಎಂ ಕೊಡುತ್ತದೆ. ಮೇಲಿನ ಯಾವ ಬೈಕೂ ಈ ಟಾರ್ಕ್‌ನ ಹತ್ತಿರ ಬರಲ್ಲ. ಇಬ್ಬರು ಕೂತು ಆಗುಂಬೆಯ 14 ಹೇರ್‌ಪಿನ್ ತಿರುವು ಹತ್ತುವಾಗ ಇದು ಗೊತ್ತಾಗುತ್ತದೆ. ಗೇರಿಗಾಗಿ ಒದ್ದಾಡಬೇಕಿಲ್ಲ, ಥ್ರಾಟಲ್ ತಿರುಗಿಸಿದರೆ ಹೋಗುತ್ತಿರುತ್ತದೆ. ಹಿಂದಿನವರಿಗೆ ಕಡಿಮೆ ಕುಲುಕಾಟ, ಹೆಲ್ಮೆಟ್ಟುಗಳ ಟಕ್ ಟಕ್ಕೂ ಕಡಿಮೆ.

ಇಂಟರ್‌ಸೆಪ್ಟರ್‌ನ ಸೀಟು ಹಲಗೆಯಂತೆ ಉದ್ದ, ಸಮ. ಇಬ್ಬರಿಗೂ ಜಾಗ ಬೇಕಾದಷ್ಟು. ಆದರೆ ಕುಶನ್ ದೂರಕ್ಕೆ ಸಾಲದು. ಕಂಪನಿಯದ್ದೇ ಟೂರಿಂಗ್ ಸೀಟು ಸಿಗುತ್ತದೆ, ಇಲ್ಲವೇ ಒಳ್ಳೆಯ ಸೀಟು ಕೆಲಸದವರ ಹತ್ತಿರ ಫೋಮ್ ಬದಲಾಯಿಸಿ. ಹಿಂದಿನ ಎರಡು ಶಾಕ್‌ಗಳು ಗಡಸು. ವಿಚಿತ್ರ ಅಂದರೆ ಒಬ್ಬರೇ ಹೋಗುವುದಕ್ಕಿಂತ ಇಬ್ಬರು ಕೂತಾಗ ಇವು ವಾಸಿ ಅನ್ನಿಸುತ್ತವೆ. ತೂಕ 210 ಕೆಜಿ ಮೇಲೆ, ಹೋಮ್‌ಸ್ಟೇಯ ಜಲ್ಲಿ ಹಾದಿಯಲ್ಲಿ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತೆಗೆಯೋಕೆ ಒಬ್ಬರ ಸಹಾಯ ಬೇಕು.

ಜಿಟಿ ಕೆಫೆ ರೇಸರ್, ಅಂದರೆ ಹಳೆಯ ರೇಸ್ ಬೈಕಿನ ಶೈಲಿಯದ್ದು, ಕ್ಲಿಪ್-ಆನ್ ಹ್ಯಾಂಡಲ್. ನೋಡೋಕೆ ಅದು ಎಷ್ಟೇ ಚೆಂದ ಇದ್ದರೂ ಇಬ್ಬರ ಪ್ರಯಾಣಕ್ಕೆ ಇಂಟರ್‌ಸೆಪ್ಟರೇ ಸರಿ. ಯಾವುದೇ ತಗೊಂಡರೂ ಅಲಾಯ್ ಚಕ್ರದ್ದು ತಗೊಳ್ಳಿ. 2023ರಲ್ಲಿ ಬಂದ ಅಲಾಯ್ ಮಾದರಿಗಳಲ್ಲಿ ಟ್ಯೂಬ್‌ಲೆಸ್ ಟೈರಿದೆ, ಕಡ್ಡಿ ಚಕ್ರದಲ್ಲಿ ಟ್ಯೂಬು. ಕುದುರೆಮುಖದ ಕಾಡಿನಲ್ಲಿ ಸಂಜೆ ಪಂಕ್ಚರ್ ಆದಾಗ ಈ ವ್ಯತ್ಯಾಸದ ಬೆಲೆ ಗೊತ್ತಾಗುತ್ತದೆ.

ಎಂಟು ಲಕ್ಷ ಮತ್ತು ಮೇಲೆ: ಕವಾಸಾಕಿ ಮೂವರು

ನಿಂಜಾ 650 ನೋಡಿ ಮರುಳಾಗದವರು ಕಡಿಮೆ. 68 ಪಿಎಸ್, 64 ಎನ್‌ಎಂ, 196 ಕೆಜಿ, ಓಡಿಸುವವರ ಸೀಟಿನ ಎತ್ತರ 790 ಮಿಮೀ ಮಾತ್ರ. ಹ್ಯಾಂಡಲ್ ಹಿತವಾಗಿದೆ, ಎಂಜಿನ್ ಸಾಧು. ಆದರೆ ಹಿಂದಿನ ಸೀಟು ಪುಟ್ಟದು, ಎತ್ತರದಲ್ಲಿದೆ. ಸರಿಯಾಗಿ ಅದೇ ಎಂಜಿನ್ನು ವರ್ಸಿಸ್ 650ರಲ್ಲಿದೆ. ಒಂದೆರಡು ಪಿಎಸ್ ಕಡಿಮೆ. ಬದಲಿಗೆ ಸಿಗುವುದು ನೋಡಿ: ಅಗಲದ ಹಿಂದಿನ ಸೀಟು, ಗಟ್ಟಿ ಗ್ರ್ಯಾಬ್ ರೇಲ್, ಏರಿಸಿ ಇಳಿಸಬಹುದಾದ ವಿಂಡ್‌ಸ್ಕ್ರೀನ್, ಪ್ರೀಲೋಡ್‌ಗೆ ಕೈಯಿಂದಲೇ ತಿರುಗಿಸುವ ನಾಬ್, 21 ಲೀಟರ್ ಟ್ಯಾಂಕ್. ಇಬ್ಬರ ದೃಷ್ಟಿಯಿಂದ ಇಲ್ಲಿ ಸ್ಪರ್ಧೆಯೇ ಇಲ್ಲ. ಅಡ್ಡಿ ಒಂದೇ, 845 ಮಿಮೀ ಸೀಟು ಮತ್ತು 219 ಕೆಜಿ. ನಿಮ್ಮ ಕಾಲು ನೆಲಕ್ಕೆ ತುದಿಬೆರಳಲ್ಲಿ ಮಾತ್ರ ತಾಕಿದರೆ, ಹಿಂದಿನವರು ಹತ್ತಿ ಇಳಿಯುವ ಪ್ರತಿ ಸಲವೂ ಬೈಕು ಬೀಳುವ ಭಯ. ಸಿಗ್ನಲ್‌ನಲ್ಲಿ ಇಬ್ಬರನ್ನೂ ಹೊತ್ತು ನಿಂತಾಗ ಎರಡೂ ಪಾದ ನೆಲದಲ್ಲಿರಬೇಕು, ಅದರಲ್ಲಿ ರಾಜಿ ಬೇಡ.

ಸ್ಪೋರ್ಟಿಯೂ ಬೇಕು, ಜೊತೆಯವರ ಸುಖವೂ ಬೇಕು, ದುಡ್ಡಿನ ಚಿಂತೆ ಇಲ್ಲ ಅನ್ನುವವರಿಗೆ ಸರಿಯಾದ ಬೈಕು ನಿಂಜಾ 1100 ಎಸ್‌ಎಕ್ಸ್. 136 ಪಿಎಸ್, 113 ಎನ್‌ಎಂ, ಕ್ರೂಸ್ ಕಂಟ್ರೋಲ್ (ಥ್ರಾಟಲ್ ಹಿಡಿಯದೆ ಒಂದೇ ವೇಗದಲ್ಲಿ ಹೋಗುವ ಸೌಲಭ್ಯ), ಪ್ಯಾನಿಯರ್ ಪೆಟ್ಟಿಗೆ (ಪಕ್ಕಕ್ಕೆ ಹಾಕುವ ಲಗೇಜ್ ಡಬ್ಬ) ಸಿಕ್ಕಿಸಲು ಬೈಕಿನಲ್ಲೇ ಜಾಗ, ಹಿಂದೆ ನಿಜವಾದ ಸೀಟು. ಬೆಲೆ 14 ಲಕ್ಷ ದಾಟುತ್ತದೆ. ರಸ್ತೆಗಿಳಿದಾಗ ಎಷ್ಟಾಗುತ್ತದೆ ಅಂತ ಮೇಲಿನ ತೆರಿಗೆ ಲೆಕ್ಕ ಹಾಕಿ ನೋಡಿ, ಆಮೇಲೆ ನೀರು ಕುಡಿಯಿರಿ. ಮೂರಕ್ಕೂ ಸರ್ವಿಸ್ ಎಲ್ಲಿ ಅಂತ ಮೊದಲು ವಿಚಾರಿಸಿ. ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇರುವವರಿಗೆ ಪ್ರತಿ ಸರ್ವಿಸ್ಸೂ ಒಂದು ಪ್ರವಾಸವಾಗಬಹುದು.

ಕೊಳ್ಳುವ ಮೊದಲು

ಟೆಸ್ಟ್ ರೈಡಿಗೆ ಒಬ್ಬರೇ ಹೋಗಬೇಡಿ. ಜೊತೆಯವರನ್ನು ಕರೆದುಕೊಂಡು ಹೋಗಿ, ಇಬ್ಬರೂ ಪ್ರಯಾಣದ ದಿನ ಹಾಕುವ ಹೆಲ್ಮೆಟ್ಟನ್ನೇ ಹಾಕಿಕೊಳ್ಳಿ, ಬೆನ್ನಿಗೊಂದು ಬ್ಯಾಗೂ ಇರಲಿ. ಹಂಪಿನ ಮೇಲೆ ನಿಧಾನವಾಗಿ ಒಮ್ಮೆ, ಸ್ವಲ್ಪ ಜೋರಾಗಿ ಒಮ್ಮೆ ಹೋಗಿ. ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ. ಮೊದಲೇ ಹೇಳಿ ಹಿಡಿಯಿರಿ, ಇಲ್ಲದಿದ್ದರೆ ಬೈಕೂ ಇಲ್ಲ, ಊಟವೂ ಇಲ್ಲ. ಆಮೇಲೆ ಅಲ್ಲೇ ಪಕ್ಕದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಅವರನ್ನು ನಾಲ್ಕೈದು ಸಲ ಹತ್ತಿಸಿ ಇಳಿಸಿ. ಶೋರೂಮಿನವರು ನಗಲಿ ಬಿಡಿ.

ಹತ್ತು ನಿಮಿಷದ ಟೆಸ್ಟ್ ರೈಡಿನಲ್ಲಿ ಮಂಡಿ ನೋವು ಗೊತ್ತಾಗಲ್ಲ. ಕೊನೆಗೆ ಎರಡು ಬೈಕಿನ ನಡುವೆ ಮನಸ್ಸು ತೂಗಾಡುತ್ತಿದ್ದರೆ ಎರಡನ್ನೂ ಒಂದೊಂದು ದಿನ ಬಾಡಿಗೆಗೆ ತಗೊಂಡು ಒಂದೇ ರಸ್ತೆಯಲ್ಲಿ ಓಡಿಸಿ. ಡಾಮಿನಾರ್, ಇಂಟರ್‌ಸೆಪ್ಟರ್ ಬೆಂಗಳೂರಿನಲ್ಲಿ ಬಾಡಿಗೆಗೆ ಸುಲಭವಾಗಿ ಸಿಗುತ್ತವೆ. ವಾರದ ಮಧ್ಯೆ ತಗೊಂಡರೆ ಅಗ್ಗ. ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಬೈಕನ್ನೇ ಕೇಳಿ. ಬಿಳಿ ಪ್ಲೇಟಿನ ಖಾಸಗಿ ಬೈಕನ್ನು ಬಾಡಿಗೆಗೆ ಕೊಡುವ ಹಾಗಿಲ್ಲ, ದಾರಿಯಲ್ಲಿ ಹಿಡಿದರೆ ನಿಮ್ಮ ಪರೀಕ್ಷೆ ಅಲ್ಲಿಗೇ ಮುಗಿಯಿತು.